ಕುಮಟಾದಲ್ಲಿ ಏಳು ನಿಮಿಷ

ಕುಮಟಾ ಬಸ್ ನಿಲ್ದಾಣದ ಸಂಚಾರ ನಿಯಂತ್ರಕ ವಿಶ್ವನಾಥನಿಗೆ ಒಂದು ಗುಟ್ಟಿತ್ತು. ಗುಟ್ಟು ಎಂದ ಕೂಡಲೇ ನೀವು ಕುರ್ಚಿ ಹತ್ತಿರ ಎಳೆದುಕೊಳ್ಳುವುದು ಬೇಡ. ಅಂಥ ಯೋಗ್ಯತೆಯ ಗುಟ್ಟು ಅದಲ್ಲ. ಐವತ್ತೊಂದು ವರ್ಷದ, ಸಕ್ಕರೆ ಕಮ್ಮಿ ಚಹಾ ಕುಡಿಯುವ, ಮೈಕು ಹಿಡಿದರೆ ಸಿರ್ಸಿ ಬಸ್ಸಿನ ಡ್ರೈವರು ಬೀಡಿ ಎಸೆದು ಓಡಿಬರುವಂತೆ ಗದರುವ ಈ ಮನುಷ್ಯ, ಮನೆಯ ಮಾಳಿಗೆಯಲ್ಲಿ ಬಾಗಿಲು ಹಾಕಿಕೊಂಡು ಪುಟ್ಟ ರೈಲು ಬಿಡುತ್ತಿದ್ದ. ಅಷ್ಟೇ.

ಅದನ್ನು ಆಟ ಎಂದರೆ ಅವನಿಗೆ ಸಿಟ್ಟು ಬರುತ್ತಿತ್ತು. ಆಡುವವರು ಮಕ್ಕಳು, ತನ್ನದು ಮಾದರಿ ರೈಲು ನಿರ್ಮಾಣ. ಎಂಬತ್ತೇಳು ಅಡಿಯನ್ನು ಒಂದಡಿಗೆ ಇಳಿಸಿ, ಕುಮಟಾ ಸ್ಟೇಷನ್ನನ್ನು ಕುಡಿಯುವ ನೀರಿನ ನಲ್ಲಿ, ಹಳದಿ ಬೋರ್ಡು, ಬೇಲಿಗೆ ಹಬ್ಬಿದ ಬಳ್ಳಿ, ಅದರಡಿ ಮಲಗಿದ ನಾಯಿ ಸಮೇತ ಎರಡು ತುಂಡು ಹಲಗೆಯ ಮೇಲೆ ಕೂರಿಸಿದ್ದ. ನಿಯಮವೆಂದರೆ ನಿಯಮ. ಕೊಂಕಣ ರೈಲ್ವೆಯ ಮಳೆಗಾಲದ ವೇಳಾಪಟ್ಟಿ ಜಾರಿಗೆ ಬಂದು ನಿಜವಾದ ರೈಲುಗಳ ವೇಗ ಇಳಿದ ದಿನವೇ ಇವನ ಮಾಳಿಗೆಯಲ್ಲೂ ವೇಗ ಇಳಿಯುತ್ತಿತ್ತು. ಮಾಡಿನಿಂದ ಒಂದು ಹನಿ ಸೋರುತ್ತಿರಲಿಲ್ಲ. ಕುಸಿಯಬಹುದಾದ ಗುಡ್ಡವೆಂದರೆ ಥರ್ಮಾಕೋಲಿನದು. ಆದರೂ ಅಕ್ಟೋಬರ್ ತನಕ ರೈಲು ನಿಧಾನ.

ಈ ಹುಚ್ಚಿನಲ್ಲಿ ಅವನಿಗೆ ಇಬ್ಬರು ಜೊತೆಗಾರರು. ಒಬ್ಬ ಹೊನ್ನಾವರದ ಮೋಹನ, ಹಲ್ಲಿನ ಸೆಟ್ಟು ಮಾಡಿಕೊಡುವವನು. ಶರಾವತಿ ಸೇತುವೆಯನ್ನು ಅದೇ ಸಾಮಾನಿನಲ್ಲಿ ಎರಕ ಹೊಯ್ದದ್ದರಿಂದ ಅವನ ಸೇತುವೆಯ ಕಂಬಗಳು ಒಸಡಿನ ಬಣ್ಣಕ್ಕಿದ್ದವು. ಇನ್ನೊಬ್ಬ ಭಟ್ಕಳದ ಪಕ್ಕದ ಜಾಲಿಯಲ್ಲಿ ಮೋಟಾರ್ ವೈಂಡಿಂಗ್ ಅಂಗಡಿ ಇಟ್ಟ ದೇವರಾಜ, ಭಟ್ಕಳ ಸ್ಟೇಷನ್ನಿನ ಒಡೆಯ. ಎರಡು ವಾರಕ್ಕೊಮ್ಮೆ ಭಾನುವಾರ ಮೂವರೂ ತಂತಮ್ಮ ಹಲಗೆ ಹೊತ್ತು ಮೋಹನನ ವರ್ಕ್‌ಶಾಪಿನಲ್ಲಿ ಸೇರಿ, ಕುಮಟಾದಿಂದ ಭಟ್ಕಳಕ್ಕೆ ಹಳಿ ಜೋಡಿಸಿ, ಮತ್ಸ್ಯಗಂಧ ಎಕ್ಸ್‌ಪ್ರೆಸ್ಸನ್ನು ಸೆಕೆಂಡು ಲೆಕ್ಕದಲ್ಲಿ ಓಡಿಸುತ್ತಿದ್ದರು. ತಡವಾದರೆ ವಿಶ್ವನಾಥ ಉಳಿದಿಬ್ಬರಿಂದ ಲಿಖಿತ ವಿವರಣೆ ಕೇಳುತ್ತಿದ್ದ. ಅವರು ಬರೆದೂ ಕೊಡುತ್ತಿದ್ದರು.

ಇದೆಲ್ಲ ಬಸ್ ನಿಲ್ದಾಣಕ್ಕೆ ಗೊತ್ತಾಗಬಾರದು ಎಂಬುದೇ ಅವನ ಬಾಳಿನ ದೊಡ್ಡ ಚಿಂತೆ. ಬಸ್ಸಿನ ಅನ್ನ ತಿಂದು ರೈಲಿಗೆ ಆರತಿ ಎತ್ತುವವನು ಎಂದು ಸಹೋದ್ಯೋಗಿ ನಾಗಪತಿ ಒಂದು ಸಲ ಅಂದರೆ ಸಾಕು, ನಿವೃತ್ತಿಯ ತನಕ ಆ ಮಾತು ಬಸ್ಸಿಗಿಂತ ಮುಂಚೆ ಪ್ಲಾಟ್‌ಫಾರ್ಮಿಗೆ ಬಂದು ನಿಲ್ಲುತ್ತಿತ್ತು. ಮೊದಲೇ ಅವನ ಸೇವಾ ಪುಸ್ತಕದಲ್ಲಿ ಒಂದು ಕಪ್ಪುಚುಕ್ಕೆ ಇತ್ತು. ನಾಲ್ಕು ವರ್ಷದ ಹಿಂದೆ ಸಂಜೆಯ ಮಂಗಳೂರು ಬಸ್ಸು ಏಳು ನಿಮಿಷ ತಡವಾಗಿ ಹೊರಟಿತ್ತು, ಮೆಮೊ ಬಂದಿತ್ತು. ಕಾರಣ, ಹಳಿಯ ಕೆಳಗೆ ಅಡ್ಡ ಹಾಸುವ ಅಡಿಪಟ್ಟಿಗಳ ನಡುವೆ ಎಷ್ಟು ಮಿಲಿಮೀಟರ್ ಬಿಡಬೇಕು ಎಂದು ಮೋಹನನ ಜೊತೆ ಫೋನಿನಲ್ಲಿ ಜಗಳಕ್ಕೆ ಬಿದ್ದು ವಿಶ್ವನಾಥ ಸೀಟಿ ಊದುವುದನ್ನೇ ಮರೆತಿದ್ದ. 'ತಾಂತ್ರಿಕ ಅಡಚಣೆ' ಎಂದು ಬರೆದು ಪಾರಾದ. ಆ ಏಳು ನಿಮಿಷ ನೆನಪಾದರೆ ಇಂದಿಗೂ ಕಿವಿ ಬಿಸಿಯಾಗುತ್ತಿತ್ತು.

ಹೀಗಿರುವಾಗ ದಸರೆ ಮುಗಿದ ವಾರ ಕೊರಿಯರಿನ ಪಾಂಡು ಒಂದು ಡಬ್ಬಿ ತಂದ. ವಿಶ್ವನಾಥ ತರಿಸಿದ್ದು ಸಣ್ಣ ಚಿಮಟ, ಕೊಯ್ಯುವ ಅಲಗು. ಅಂಗಡಿಯವರು ಡಬ್ಬಿಯ ಮೇಲೆ ದೊಡ್ಡದಾಗಿ 'ಸರ್ಜಿಕಲ್ ಉಪಕರಣ' ಎಂದು ಚೀಟಿ ಹಚ್ಚಿದ್ದರು. ಪಾಂಡು ಅದನ್ನು ಓದಿ, ವಿಶ್ವನಾಥನ ಮುಖ ಓದಿ, ದನಿ ತಗ್ಗಿಸಿದ.

"ಎಂತ ಸರ್, ಮೈಗೆ ಹುಷಾರಿಲ್ವಾ?"

ಇಲ್ಲ ಎನ್ನಬೇಕಿತ್ತು. ಇಲ್ಲ ಎಂದರೆ ಮತ್ತೆ ಇದು ಎಂತಕ್ಕೆ ಎಂದು ಅವನು ಕೇಳುತ್ತಿದ್ದ. ವಿಶ್ವನಾಥ ಕ್ಷಣಕಾಲ ರೈಲನ್ನೂ ರೋಗವನ್ನೂ ತೂಗಿ ನೋಡಿದ. ರೋಗಕ್ಕೆ ಮರ್ಯಾದೆ ಜಾಸ್ತಿ ಎನಿಸಿತು.

"ಹಾಂ, ಸ್ವಲ್ಪ," ಎಂದ.

ಆ 'ಸ್ವಲ್ಪ'ವೇ ಸಾಕಾಯಿತು. ಪಾಂಡು ದಿನಕ್ಕೆ ಅರವತ್ತು ಬಾಗಿಲು ಬಡಿಯುವ ಮನುಷ್ಯ. ಹದಿನೈದು ದಿನದಲ್ಲಿ ಇನ್ನೊಂದು ಪುರಾವೆಯೂ ಸಿಕ್ಕಿತು: ವಿಶ್ವನಾಥ ಹಳೆ ಚಾದರದಲ್ಲಿ ಹಾಸಿಗೆಯಂಥದ್ದೇನೋ ಕಟ್ಟಿಕೊಂಡು ಹೊನ್ನಾವರದ ಒಂದು ಕಟ್ಟಡ ಹೊಕ್ಕಿದ್ದನ್ನು ನಾಗಪತಿಯ ಷಡ್ಡಕ ಕಂಡಿದ್ದ. ಆ ಕಟ್ಟಡದ ಮಾಳಿಗೆಯಲ್ಲಿ ಮೋಹನನ ಹಲ್ಲಿನ ವರ್ಕ್‌ಶಾಪು, ಕೆಳಗೆ ಡಯಾಲಿಸಿಸ್ ಕೇಂದ್ರ. ಬೆಳಿಗ್ಗೆ ಹೋದವನು ಸಂಜೆ ಸುಸ್ತಾಗಿ ಹೊರಬಿದ್ದನಂತೆ. ಕಿಡ್ನಿ ಎಂದು ಬಸ್ ನಿಲ್ದಾಣ ತೀರ್ಮಾನಿಸಿತು.

ಮರುದಿನ ನಾಗಪತಿ ಏನೂ ಕೇಳದೆ ತನ್ನ ಫ್ಯಾನಿನ ಕೆಳಗಿನ ಕುರ್ಚಿ ಬಿಟ್ಟುಕೊಟ್ಟ. ರಾತ್ರಿ ಪಾಳಿ ತಪ್ಪಿತು. ಕತಗಾಲದಿಂದ ಬರುವ ಕಂಡಕ್ಟರು ದಿನಕ್ಕೊಂದು ಎಳನೀರು ಇಟ್ಟುಹೋಗತೊಡಗಿದ. ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ ಎನ್ನುತ್ತಾರಲ್ಲ, ಇಲ್ಲಿ ವೈದ್ಯನೂ ಇಲ್ಲ ರೋಗವೂ ಇಲ್ಲ, ಬರೀ ಹಾಲು ಅನ್ನ. ವಿಶ್ವನಾಥ ಮೊದಲ ವಾರ ನಾಚಿದ, ಎರಡನೇ ವಾರ ಒಗ್ಗಿಕೊಂಡ, ಮೂರನೇ ವಾರದಿಂದ ಮೆಟ್ಟಿಲು ಹತ್ತುವಾಗ ನಡುವೆ ನಿಂತು ಉಸಿರು ತೆಗೆಯುವುದನ್ನು ಕಲಿತ. ಅದು ಅವನಿಗೆ ಚೆನ್ನಾಗಿ ಒಪ್ಪುತ್ತಿತ್ತು ಕೂಡ.

"ಸತ್ಯ ಹೇಳಿಬಿಡಿ," ಎನ್ನುತ್ತಿದ್ದಳು ಹೆಂಡತಿ ಮಾಲತಿ. "ರೈಲು ಬಿಟ್ರೆ ಜನ ನಗ್ತ್ರು, ಸುಳ್ಳು ಬಿಟ್ರೆ ದೇವ್ರು ನಗ್ತ."

"ದೇವ್ರು ನಕ್ರೆ ಬಸ್ ಸ್ಟ್ಯಾಂಡಿಗೆ ಕೇಳೂದಿಲ್ಲ," ಎಂದು ಅವನು ಮಾಳಿಗೆ ಹತ್ತುತ್ತಿದ್ದ, ಎರಡೆರಡು ಮೆಟ್ಟಿಲು ಒಟ್ಟಿಗೆ.

ಎಂಟು ತಿಂಗಳು ಹೀಗೆ ಸುಖವಾಗಿ ಕಳೆಯಿತು. ಹಿತ್ತಿಲ ತೆಂಗಿನಮರಕ್ಕೆ ಹಬ್ಬಿಸಿದ್ದ ವೀಳ್ಯದೆಲೆಯ ಬಳ್ಳಿ ಆ ವರ್ಷ ಎಂದೂ ಇಲ್ಲದಷ್ಟು ಸೊಕ್ಕಿ ಬೆಳೆದಿತ್ತು. ತಾನು ಹಾಕಿದ ಗೊಬ್ಬರದ ಮಹಿಮೆ ಎಂದು ವಿಶ್ವನಾಥ ಮಾಲತಿಯೆದುರು ಕೊಚ್ಚಿಕೊಂಡ. ಜೂನ್ ಎರಡನೇ ವಾರದ ಒಂದು ಬೆಳಿಗ್ಗೆ ಅದೇ ಮಾತು ಮತ್ತೆ ಎತ್ತಿದಾಗ ಮಾಲತಿ ಕೈಯಲ್ಲಿದ್ದ ಮೊರ ಕೆಳಗಿಟ್ಟಳು.

"ಗೊಬ್ಬರ ಅಲ್ಲ. ಎಲೆ ಕೊಯ್ಯೂಳು ಕೊಯ್ತಾ ಇಲ್ಲ."

ಎಲೆ ಕೊಯ್ಯುವವಳು ಗಂಗಿ. ತದಡಿಯಿಂದ ಬುಟ್ಟಿ ಹೊತ್ತು ಬಂದು ಮೂವತ್ತು ವರ್ಷದಿಂದ ಈ ಕೇರಿಗೆ ಮೀನು ಕೊಡುವವಳು. ಬುಟ್ಟಿ ಇಳಿಸಿದ ಕೂಡಲೇ ಹಿತ್ತಿಲಿಗೆ ಹೋಗಿ ನಾಲ್ಕೆಲೆ ಕಿತ್ತು, ಸೊಂಟದ ಚೀಲದಿಂದ ಅಡಿಕೆ, ಸುಣ್ಣ, ಹೊಗೆಸೊಪ್ಪು ತೆಗೆದು ಕವಳ ಹಾಕಿದರೆ ಮಾತ್ರ ಅವಳ ಬಾಯಿಂದ ಮೀನಿನ ದರ ಹೊರಡುತ್ತಿತ್ತು. ಗಂಡ ಬೈದರೂ ಡಾಕ್ಟರು ಹೆದರಿಸಿದರೂ ಬಿಡದ ಕವಳ.

"ಕವಳ ಬಿಟ್ಟು ಎಂಟು ತಿಂಗ್ಳಾತು," ಎಂದಳು ಮಾಲತಿ. "ನಾನೂ ಡಾಕ್ಟ್ರು ಹೇಳಿದ್ದಕ್ಕೆ ಅಂದುಕೊಂಡಿದ್ದೆ. ಇಂದು ಬಾಯಿಬಿಟ್ಟಳು. ನಿಮ್ಮ ಕಿಡ್ನಿಗೆ ಅಂತ ದೇವಿ ಅಮ್ಮನೋರಿಗೆ ಹರಕೆ."

ವಿಶ್ವನಾಥ ನಕ್ಕ. ಮಾಲತಿ ನಗಲಿಲ್ಲ.

"ಒಡೇರು ಹೆಂಗಿದ್ರು ಅಂತ ಕೇಳಿದ್ಳು. ಹಂಗೇ ಇದ್ರು ಅಂದೆ. ನಿಮ್ಮ ಮಾನ ಉಳ್ಸೂಕೆ ಅಂದೆ. ಕವಳ ಬಿಟ್ಟಿದ್ದು ಅಮ್ಮನೋರಿಗೆ ಸಾಲ್ಲಿಲ್ಲ ಕಾಣ್ತದೆ, ಬರೂ ಸೋಮವಾರದಿಂದ ಮೀನು ತಿನ್ನೂದೂ ಬಿಡ್ತೆ, ಒಡೇರು ಗುಣ ಆಗೂ ತನಕ, ಅಂದ್ಳು."

ವಿಶ್ವನಾಥ ಹಿತ್ತಿಲ ಬಳ್ಳಿಯ ಕಡೆ ತಿರುಗಿದ. ಸಮುದ್ರದ ಮಗಳು, ಮೀನು ಬಿಟ್ಟರೆ ಗಂಜಿಗೆ ಉಪ್ಪಷ್ಟೇ ಎನ್ನುವವಳು, ಇಲ್ಲದ ರೋಗಕ್ಕಾಗಿ ಮೀನು ಬಿಡುವುದು. ರೋಗ ಇದ್ದರೆ ಗುಣವಾಗುವುದು. ಇಲ್ಲದ್ದು ಗುಣವಾಗುವುದು ಹೇಗೆ? ಅವಳು ಸಾಯುವ ತನಕ ಗಂಜಿ ಉಪ್ಪು ಉಣ್ಣಬೇಕು.

ಗುಣವಾಯಿತು ಎಂದು ಇನ್ನೊಂದು ಸುಳ್ಳು ಹೇಳಿದರಾಯಿತು ಎಂಬ ಉಪಾಯ ಅವನಿಗೆ ಹೊಳೆಯದೆ ಇರಲಿಲ್ಲ. ಹೊಳೆದದ್ದನ್ನು ಮಾಲತಿ ಮುಖದಲ್ಲೇ ಓದಿದಳು. "ಹಾಗೆ ಹೇಳಿದ್ರೆ ನಾನೇ ಮೈಕು ಹಿಡಿತೆ, ನಿಮ್ಮ ಬಸ್ ಸ್ಟ್ಯಾಂಡಲ್ಲೇ," ಎಂದಳು. ಗಂಗಿಗೆ ಸತ್ಯ ಹೇಳುವುದೆಂದರೆ ಕುಮಟಾಕ್ಕೇ ಹೇಳಿದಂತೆ. ಅವಳು ನಲವತ್ತು ಮನೆಯ ಅಂಗಳದಲ್ಲಿ ಬುಟ್ಟಿ ಇಳಿಸುವವಳು. ಒಂದು ಕಡೆ ಫ್ಯಾನು, ಎಳನೀರು, ಮಾನ. ಇನ್ನೊಂದು ಕಡೆ ಒಬ್ಬ ಹೆಂಗಸಿನ ತುತ್ತು. ಇಷ್ಟು ಸುಲಭದ ಲೆಕ್ಕಕ್ಕೆ ವಿಶ್ವನಾಥ ನಾಲ್ಕು ದಿನ ತೆಗೆದುಕೊಂಡ ಎಂದು ಬರೆಯಲು ನನಗೇ ನಾಚಿಕೆ, ಆದರೆ ತೆಗೆದುಕೊಂಡದ್ದು ನಿಜ.

ಭಾನುವಾರ ಬೆಳಿಗ್ಗೆ ಗಂಗಿ ಬಂದಳು. ಮೀನುಗಾರಿಕೆ ನಿಷೇಧದ ದಿನಗಳಾದ್ದರಿಂದ ಬುಟ್ಟಿಯಲ್ಲಿ ಒಣಮೀನು, ಹೊಳೆಯಲ್ಲಿ ಸಿಗುವ ಬೆಳಚು ಚಿಪ್ಪು ಸ್ವಲ್ಪ ಇದ್ದವು. ಕವಳವಿಲ್ಲದೆ ಅವಳ ತುಟಿ ಬಿಳುಚಿದ್ದನ್ನು ವಿಶ್ವನಾಥ ಎಂಟು ತಿಂಗಳಲ್ಲಿ ಮೊದಲ ಸಲ ಕಂಡ.

"ಗಂಗೀ, ಮೇಲೆ ಬಾ. ಒಂದು ತೋರ್ಸೂದದೆ."

"ಒಡ್ಯಾ, ನೀವು ಮೆಟ್ಲು ಹತ್ತಬೇಡ್ರಾ, ಉಬ್ಬಸ ಬತ್ತದೆ," ಎಂದು ಅವಳು ಅವನ ತೋಳು ಹಿಡಿದುಕೊಂಡಳು. ಆರೋಗ್ಯವಂತ ಗಂಡಸನ್ನು ಅರವತ್ತರ ಹೆಂಗಸು ಹದಿನಾಲ್ಕು ಮೆಟ್ಟಿಲು ಕೈಹಿಡಿದು ಹತ್ತಿಸಿದಳು. ಹಿಂದೆ ಬರುತ್ತಿದ್ದ ಮಾಲತಿ ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದಳು, ನಗುವಿಗೋ ಮತ್ತೆಂತಕ್ಕೋ.

ಬಾಗಿಲು ತೆರೆದ. ಸ್ವಿಚ್ಚು ಹಾಕಿದ. ಮತ್ಸ್ಯಗಂಧ ಗುಡ್ಡ ಸುತ್ತಿ ಬಂದು ಕುಮಟಾದಲ್ಲಿ ನಿಂತಿತು. ಹೇಳಬೇಕೆಂದು ನಾಲ್ಕು ದಿನದಿಂದ ಜೋಡಿಸಿಟ್ಟ ಮಾತುಗಳೆಲ್ಲ ಹಳಿ ತಪ್ಪಿದವು.

"ನಂಗೆ ಕಾಯ್ಲೆ ಇಲ್ಲ ಗಂಗಿ. ಡಬ್ಬಿಯಲ್ಲಿ ಬಂದದ್ದೆಲ್ಲ ಇದ್ರ ಸಾಮಾನು. ಹೊನ್ನಾವರಕ್ಕೆ ಹೋಗೂದೂ ಇದಕ್ಕೇ. ಹೇಳೂಕೆ ನಾಚ್ಕೆ ಆತು, ಅದಕ್ಕೆ ಹೇಳ್ಲಿಲ್ಲ."

ಗಂಗಿ ಅವನನ್ನು ನೋಡಿದಳು. ರೈಲನ್ನು ನೋಡಿದಳು.

"ಕಾಯ್ಲೆ ಇಲ್ಲಾ?"

"ಇಲ್ಲ."

"ಒಂಚೂರೂ?"

"ಗ್ಯಾಸ್ಟ್ರಿಕ್ ಅದೆ," ಎಂದ ವಿಶ್ವನಾಥ, ಅವಳ ಹರಕೆ ಪೂರ್ತಿ ದಂಡವಾಗದಿರಲಿ ಎಂಬಂತೆ.

ಅವಳು ಬೈಯುತ್ತಾಳೆಂದು ಕಾದ. ಬೈದಿದ್ದರೆ ಅವನಿಗೆ ಎಷ್ಟೋ ಹಗುರವಾಗುತ್ತಿತ್ತು. ಅವಳು ನೆಲದ ಮೇಲೆ ಕೂತಳು. ಹಲಗೆ ಅವಳ ಕಣ್ಣಿನ ಮಟ್ಟಕ್ಕೆ ಬಂತು.

"ದಾಸನ್ನ ಉಳ್ಸಿದೋರು ನೀವು," ಎಂದಳು. ದಾಸ ಅವಳ ಗಂಡ. "ನಾಕು ವರ್ಷದ ಹಿಂದೆ ದೋಣಿಯಲ್ಲಿ ಎದೆ ಹಿಡ್ಕಂಡಿತ್ತಲ್ರಾ. ಅಂಬುಲೆನ್ಸ್ ಸಿಗ್ಲಿಲ್ಲ. ರಿಕ್ಷಾದಲ್ಲಿ ಹಾಕ್ಕಂಡು ಬಸ್ ಸ್ಟ್ಯಾಂಡಿಗೆ ಬಂದ್ರೆ ಮಂಗಳೂರು ಬಸ್ಸಿನ ಟೈಮು ಮುಗ್ದೋಗದೆ. ಹೋಗೇ ಬಿಡ್ತು ಅಂದ್ಕಂಡೆ. ಕಂಡ್ರೆ ಬಸ್ಸು ನಿಂತದೆ. ನೀವು ಬಾಗಿಲಲ್ಲಿ ನಿತ್ಕಂಡು ಕಿವಿಗೆ ಫೋನು ಹಿಡ್ದು ಯಾರಿಗೋ ಜೋರು ಮಾಡ್ತಾ ಇದ್ರಿ. ನಮ್ಮನ್ನ ಕಂಡೇ ಬಸ್ಸು ತಡೆದ್ರಿ, ಮೇಲಿನೋರಿಗೆ ಎದ್ರು ಮಾತಾಡಿದ್ರಿ ಅಂತ ಗೊತ್ತಾತು. ಮಣಿಪಾಲದಲ್ಲಿ ಡಾಕ್ಟ್ರು ಇನ್ನೊಂದು ತಾಸು ತಡ ಆದ್ರೆ ಇಲ್ಲಾಗಿತ್ತು ಅಂದ್ರು. ದಾಸ ಇಂದೂ ಬಲೆ ಕಟ್ತಾ ಕೂತವ್ನೆ. ಅದಕ್ಕೆ ಹರ್ಕೆ ಹೊತ್ತೆ."

ವಿಶ್ವನಾಥ ಬಾಯಿ ತೆರೆದ. ಮೇಲಿನವರಿಗಲ್ಲ ಗಂಗಿ, ಮೋಹನನಿಗೆ. ನಿಮಗಾಗಿಯಲ್ಲ, ಅಡಿಪಟ್ಟಿಯ ಮಿಲಿಮೀಟರಿಗಾಗಿ. ಮಾತು ನಾಲಿಗೆಯ ತುದಿಯ ತನಕ ಬಂತು. ಅಲ್ಲಿಂದ ಮುಂದೆ ಸಿಗ್ನಲ್ ಸಿಗಲಿಲ್ಲ. ಒಂದು ದಿನಕ್ಕೆ ಒಂದೇ ಸತ್ಯ ಹೇಳುವಷ್ಟು ಎದೆ ಅವನಿಗೆ ಇದ್ದದ್ದು. ಅವಳು ತನ್ನನ್ನು ದೇವರ ಮುಂದೆ ಇಟ್ಟು ಎಂಟು ತಿಂಗಳು ಬೇಡಿಕೊಂಡದ್ದು ತನ್ನ ಒಂದು ಬೇಜವಾಬ್ದಾರಿಗೆ ಎಂದು ತಿಳಿದು ಅವನಿಗೆ ನಿಜಕ್ಕೂ ಉಸಿರು ಕಟ್ಟಿತು. ನಟಿಸಬೇಕಾಗಲಿಲ್ಲ.

ಗಂಗಿ ಅಷ್ಟರಲ್ಲಿ ಹಲಗೆಯನ್ನು ಬಗ್ಗಿ ನೋಡುತ್ತಿದ್ದಳು. "ಇದು ನಮ್ಮ ಕುಮ್ಟಾ ಅಲ್ದನ್ರಾ? ನಲ್ಲಿ ಇದೇ ಬದಿಗದೆ. ಈ ರೈಲು ಎಂತಕ್ಕೆ ಇಷ್ಟು ನಿಧಾನ, ಇದಕ್ಕೂ ಹುಷಾರಿಲ್ವಾ?"

"ಮತ್ಸ್ಯಗಂಧಕ್ಕೆ ಮಳೆಗಾಲದ ಟೈಮ್ ಟೇಬಲ್."

ಅವಳು ಹನಿ ಸೋರದ ಮಾಡನ್ನು ನೋಡಿದಳು, ಮಾಲತಿಯನ್ನು ನೋಡಿದಳು. ಆಮೇಲೆ ಪ್ಲಾಟ್‌ಫಾರ್ಮಿನ ಮೇಲಿನ ಬೊಂಬೆಗಳ ಹತ್ತಿರ ಬೆರಳು ತಂದಳು. ಎರಡೆರಡು ಸೆಂಟಿಮೀಟರಿನ ನಲವತ್ತಾರು ಜನ. ವಿಶ್ವನಾಥ ಜರ್ಮನಿಯದೆಂದು ಹೆಮ್ಮೆಯಿಂದ ತರಿಸಿದವರು. ಕೋಟು, ಟೋಪಿ, ಬೂಟು. ಒಬ್ಬನ ಹೆಗಲ ಮೇಲೆ ಹಿಮದಲ್ಲಿ ಜಾರುವ ಎರಡು ಹಲಗೆ. ಅದಕ್ಕೆ ಕಂದು ಬಣ್ಣ ಬಳಿದು ಅಡಿಕೆ ಕೊಯ್ಯುವ ದೋಟಿ ಎಂದು ಸಮಾಧಾನ ಮಾಡಿಕೊಂಡಿದ್ದ.

"ಇವ್ರೆಲ್ಲ ಯಾರ್ರಾ?"

"ಪ್ರಯಾಣಿಕ್ರು."

"ಯಾವ ಊರೋರು?"

ವಿಶ್ವನಾಥ ಟೋಪಿಯವನೊಬ್ಬನ ಮೇಲಿನ ಧೂಳು ಒರೆಸಿದ.

"ರೈಲಿನ ಹೆಸ್ರು ಮೀನಿಂದು," ಎಂದಳು ಗಂಗಿ. "ಮೀನಿನೋಳು ಒಬ್ಳೂ ಇಲ್ಲ." ಬೆರಳು ಒಂದು ತುದಿಯಿಂದ ಇನ್ನೊಂದು ತುದಿಗೆ ಹೋಯಿತು, ಕುಡಿಯುವ ನೀರು ದಾಟಿ, ಬೋರ್ಡು ದಾಟಿ. "ಬೇಲಿ ಬಳ್ಳಿ ಬಿಡ್ಲಿಲ್ಲ, ನಾಯಿ ಬಿಡ್ಲಿಲ್ಲ. ಎಂಟು ತಿಂಗ್ಳು ನಾ ದಿನಾ ಅಮ್ಮನೋರ ಮುಂದೆ ನಿಮ್ಮ ಹೆಸ್ರು ಹೇಳ್ದೆ ಒಡ್ಯಾ. ನಿಮ್ಮ ಕುಮ್ಟಾದಲ್ಲಿ ನಾ ಎಲ್ಲೂ ಇಲ್ಲ."

ಕೋಪದಿಂದ ಹೇಳಲಿಲ್ಲ. ಮೀನು ತಾಜಾ ಇಲ್ಲ ಎಂದು ಹೇಳುವ ಹಾಗೆ ಇದ್ದದ್ದನ್ನು ಹೇಳಿದಳು. ಎದ್ದು ಕೆಳಗಿಳಿದು ಹಿತ್ತಿಲಿಗೆ ಹೋಗಿ ಸೊಕ್ಕಿದ ಬಳ್ಳಿಯಿಂದ ಒಂದು ಹಿಡಿ ಎಲೆ ಕಿತ್ತಳು. ಸೊಂಟದ ಚೀಲ ಎಂಟು ತಿಂಗಳಿಂದ ಖಾಲಿ. ಮಾಲತಿ ಅಡಿಕೆ, ಸುಣ್ಣ ತಂದುಕೊಟ್ಟಳು. ಮೆಟ್ಟಿಲ ಮೇಲೆ ಕೂತು ಕವಳ ಹಾಕಿ, ಬುಟ್ಟಿ ಎತ್ತಿಕೊಂಡು ಹೋದಳು. ಹೋಗುವಾಗ ವಿಶ್ವನಾಥನ ಕಡೆ ನೋಡಲಿಲ್ಲ.

ಸೋಮವಾರ ಅವನು ತಲೆ ಬಗ್ಗಿಸಿಕೊಂಡೇ ಬಸ್ ನಿಲ್ದಾಣ ಹೊಕ್ಕ. ನಾಗಪತಿ ಎದುರು ಬಂದು ಕೈ ಕುಲುಕಿದ. "ಗಂಗಿ ಹೇಳಿದ್ಲು ಮಾರಾಯಾ. ಅಮ್ಮನೋರು ಕೈಬಿಡ್ಲಿಲ್ಲ, ಪೂರ್ತಿ ಗುಣ ಆತಂತೆ!" ಎಂದು ಫ್ಯಾನಿನ ಕೆಳಗಿನ ಕುರ್ಚಿಯನ್ನು ವಾಪಸು ಎಳೆದುಕೊಂಡ. ರಾತ್ರಿ ಪಾಳಿಯ ಪಟ್ಟಿಯಲ್ಲಿ ವಿಶ್ವನಾಥನ ಹೆಸರು ಮೂರು ಕಡೆ ಇತ್ತು. ಎಳನೀರು ಬರಲಿಲ್ಲ. ಅವನ ಮಾನವನ್ನು ಅವಳು ತೆಗೆಯಬಹುದಿತ್ತು, ತೆಗೆಯಲಿಲ್ಲ. ಅದು ಬೈಗುಳಕ್ಕಿಂತ ಹೆಚ್ಚು ಚುಚ್ಚಿತು.

ಅಂದಿನಿಂದ ಹತ್ತು ದಿನ ಅವನು ರೈಲು ಬಿಡಲಿಲ್ಲ. ಮೋಹನನಿಂದ ಹಲ್ಲಿನ ಮೇಣ ತರಿಸಿ, ಆ 'ಸರ್ಜಿಕಲ್' ಅಲಗಿನಿಂದಲೇ ಕೆತ್ತಿ, ಭೂತಕನ್ನಡಿ ಹಿಡಿದು ಒಂದು ಬೊಂಬೆ ಮಾಡಿದ. ಮೊಳಕಾಲಿಗೆ ಕಟ್ಟಿದ ಸೀರೆ, ತಲೆಯ ಮೇಲೆ ಬುಟ್ಟಿ, ಬುಟ್ಟಿಯಲ್ಲಿ ಸೂಜಿಮೊನೆಯಷ್ಟು ಬೆಳ್ಳಿ ಬಣ್ಣದ ಮೀನು. ಎಡಗೆನ್ನೆಯಲ್ಲಿ ಕವಳದ ಉಬ್ಬು. ಪ್ಲಾಟ್‌ಫಾರ್ಮಿನ ಗೇಟಿನ ಹತ್ತಿರ ನಿಲ್ಲಿಸಿ, ಗಂಗಿಯನ್ನು ಮತ್ತೆ ಮಾಳಿಗೆಗೆ ಕರೆದ. ಈ ಸಲ ಅವಳು ಕೈ ಹಿಡಿಯಲಿಲ್ಲ, ಮುಂದೆ ಮುಂದೆ ಹತ್ತಿದಳು.

ಬಹಳ ಹೊತ್ತು ನೋಡಿದಳು. ಗೆನ್ನೆಯ ಉಬ್ಬು ಕಂಡು ಒಮ್ಮೆ ಅವಳ ಗೆನ್ನೆಯೂ ಅಲುಗಿತು.

"ನಿಲ್ಸೀರಲ್ರಾ," ಎಂದಳು.

"ಮತ್ತೆ?"

"ಮೂವತ್ತು ವರ್ಷದಿಂದ ನಿತ್ತೇ ಇದ್ದೆ. ಇಲ್ಲೂ ನಿಲ್ಸೂದಾ? ಬುಟ್ಟಿ ಇಳ್ಸಿ ಎಲ್ಲಾದ್ರೂ ಕೂರ್ಸಿ."

ಮತ್ತೆ ಹತ್ತು ದಿನ ಮೇಣ ಕೆತ್ತಿದ. ಮಳೆಗಾಲದ ನಡುವಿನ ಒಂದು ಭಾನುವಾರ ಹೊನ್ನಾವರದಲ್ಲಿ ಮೂರು ಹಲಗೆ ಸೇರಿದಾಗ, ಕುಮಟಾದ ಒಂದನೇ ಪ್ಲಾಟ್‌ಫಾರ್ಮಿನ ಬೆಂಚಿನಿಂದ ಟೋಪಿಯ ಜರ್ಮನನೊಬ್ಬ ಎದ್ದುಹೋಗಿದ್ದ. ಅಲ್ಲಿ ಒಬ್ಬ ಹೆಂಗಸು ಬುಟ್ಟಿಯನ್ನು ಕಾಲ ಬಳಿ ಇಳಿಸಿ, ಬೆನ್ನು ಆನಿಸಿ ಕೂತಿದ್ದಳು.

ಮೋಹನ ತನ್ನ ನಸುಗೆಂಪು ಸೇತುವೆಯ ಹಿಂದೆ ಗಡಿಯಾರ ಹಿಡಿದು ನಿಂತಿದ್ದ. ಹೊರಡುವ ಹೊತ್ತಾಯಿತು. ಸಿಗ್ನಲ್ಲು ಹಸಿರಾಯಿತು. ಕುಮಟಾದಿಂದ ರೈಲು ಹೊರಡಲಿಲ್ಲ.

"ವಿಶ್ವನಾಥಾ, ಹೊತ್ತಾತು. ಬಿಡೂದಿಲ್ವನಾ?"

"ಏಳು ನಿಮಿಷ ತಡ ಅದೆ."

"ಎಂತಕ್ಕೆ?" ಎಂದ ಭಟ್ಕಳದ ಕಡೆಯಿಂದ ದೇವರಾಜ. ಹನ್ನೊಂದು ವರ್ಷದಲ್ಲಿ ಕುಮಟಾದಿಂದ ಇಂಥ ಮಾತು ಕೇಳಿದ್ದೇ ಇಲ್ಲ.

"ಒಬ್ರು ಹತ್ತೂಕದೆ."

ಮೋಹನ ಬಂದು ಬೆಂಚನ್ನು ಬಗ್ಗಿ ನೋಡಿದ. "ಇದು ಮೇಣದ್ದು ಮಾರಾಯಾ. ಗೋಂದು ಹಾಕಿ ಅಂಟ್ಸೀಯಲ್ಲ, ಏಳೂದಿಲ್ಲ ಅವ್ಳು."

"ಗೊತ್ತು," ಎಂದ ವಿಶ್ವನಾಥ.

ಕಿಸೆಯಲ್ಲಿ ಫೋನು ಬಡಿದುಕೊಂಡಿತು; ಅವನು ಅದನ್ನು ತೆಗೆಯಲಿಲ್ಲ. ಸ್ವಿಚ್ಚಿನ ಮೇಲಿಂದ ಕೈ ಎತ್ತಿ, ಗಡಿಯಾರ ನೋಡುತ್ತ, ಈ ಸಲ ಬೇಕೆಂದೇ, ಅವಳಿಗಾಗಿಯೇ ರೈಲನ್ನು ಏಳು ನಿಮಿಷ ನಿಲ್ಲಿಸಿದ.